ಕತ್ತಾಳೆ: ಅಂಗಳಕ್ಕೆ ಅಲಂಕಾರ, ಹೊಲಕ್ಕೆ ಬೇಲಿ

ಕತ್ತಾಳೆಯನ್ನು ಕಾಣದ ರೈತನು ನಮ್ಮ ಬಯಲುಸೀಮೆಯಲ್ಲಿ ವಿರಳ. ಹೊಲದ ಬದುಗಳಲ್ಲಿ ತಾನಾಗಿಯೇ ಹಬ್ಬುವ ಈ ಗಿಡವು ನಮ್ಮ ದೇಶದ್ದೇ ಎಂದು ಹಲವರು ಭಾವಿಸಿರುವರು; ಆದರೆ ಇದರ ತವರು ಮೆಕ್ಸಿಕೋ ದೇಶವು. ಇದು ದಪ್ಪನಾದ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಂಡು, ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ಅವುಗಳನ್ನು ತೆರೆದು ಗಾಳಿಯನ್ನು ಸೇವಿಸುವುದು. ಆದಕಾರಣವೇ ಮಳೆ ಕಾಣದ ತಿಂಗಳುಗಳನ್ನೂ ಇದು ಸಹಿಸಬಲ್ಲದು. ಎಲೆಯಂಚಿನಲ್ಲಿ ಹಳದಿ ಪಟ್ಟೆಯುಳ್ಳ ಬಗೆಯು ಮನೆಯ ಮುಂದೆ ಬಹಳ ಶೋಭಿಸುವುದು.

ಭೂಮಿ.— ನೀರು ನಿಲ್ಲದ ಯಾವ ಭೂಮಿಯಾದರೂ ಆಗಬಹುದು. ಎರೆಭೂಮಿಯಲ್ಲಿ ಮಣ್ಣನ್ನು ಒಂದಡಿ ಏರಿಸಿ ನೆಡತಕ್ಕದ್ದು. ಕುಂಡದಲ್ಲಿ ಬೆಳೆಸುವವರು ಕೆಂಪುಮಣ್ಣು 2 ಪಾಲು, ದಪ್ಪಮರಳು 1 ಪಾಲು, ಚೆನ್ನಾಗಿ ಕಳಿತ ಗೊಬ್ಬರ 1 ಪಾಲು ಬೆರಸಿ, ತಳದ ತೂತಿನ ಮೇಲೆ ಹೆಂಚಿನ ಚೂರನ್ನು ಇಡಬೇಕು.

ನೆಡುವ ಕ್ರಮ.— ತಾಯಿಗಿಡದ ಬುಡದಲ್ಲಿ ಏಳುವ ಮರಿಗಳು ಗೇಣುದ್ದವಾದಾಗ ಬೇರುಸಹಿತ ಕಿತ್ತು, ಗಾಯವು ಒಣಗುವಂತೆ ಮೂರು ನಾಲ್ಕು ದಿನ ನೆರಳಿನಲ್ಲಿಟ್ಟು, ಮುಂಗಾರಿನ ಆರಂಭದಲ್ಲಿ ನೆಡುವುದು ಉತ್ತಮ. ಹಸಿಗಾಯದೊಡನೆ ನೆಟ್ಟ ಮರಿಗಳು ಸುಲಭವಾಗಿ ಕೊಳೆಯುವುವು. ಸುಳಿಯು ಮಣ್ಣಿನಲ್ಲಿ ಹೂತುಹೋಗಬಾರದು. ಬೇಲಿಗಾದರೆ 3 ಅಡಿಗೊಂದರಂತೆ ನೆಟ್ಟರೆ ಸಾಕು.

ಆರೈಕೆ.— ಈ ಗಿಡವು ಬಾಯಾರಿಕೆಯಿಂದ ಸಾಯುವುದಕ್ಕಿಂತ ಯಜಮಾನನ ಅತಿಪ್ರೀತಿಯಿಂದ ಸಾಯುವುದೇ ಹೆಚ್ಚು. ಕುಂಡದ ಮಣ್ಣು ಪೂರ್ತಿಯಾಗಿ ಒಣಗಿದ ಮೇಲೆಯೇ ನೀರೆರೆಯತಕ್ಕದ್ದು; ಮಳೆಗಾಲದಲ್ಲಿ ಎರೆಯಲೇಬೇಕಾಗಿಲ್ಲ. ಬುಡದ ಎಲೆಗಳು ಮೆತ್ತಗಾಗಿ ದುರ್ಗಂಧ ಬಂದರೆ ಬೇರು ಕೊಳೆತಿದೆಯೆಂದು ತಿಳಿದು, ಆರೋಗ್ಯವಾಗಿರುವ ಮರಿಗಳನ್ನು ಬೇರ್ಪಡಿಸಿ ಬೇರೆಡೆ ನೆಡಬೇಕು.

ಎಚ್ಚರಿಕೆ.— ಎಲೆಯ ತುದಿಯ ಮುಳ್ಳು ಮಕ್ಕಳ ಕಣ್ಣಿಗೂ ದನಕರುಗಳಿಗೂ ಅಪಾಯಕರವಾದುದು. ಕಾಲುದಾರಿಯಿಂದ ಆರಡಿ ದೂರದಲ್ಲಿ ನೆಡುವುದಲ್ಲದೆ, ಮನೆಯ ಬಳಿಯ ಗಿಡಗಳ ಮುಳ್ಳಿನ ತುದಿಯನ್ನು ಕತ್ತರಿಸುವುದು ಕ್ಷೇಮಕರ. ಎಲೆಯ ರಸವು ತಗಲಿದರೆ ಚರ್ಮವು ಉರಿದು ಗುಳ್ಳೆಗಳೇಳುವ ಸಂಭವವುಂಟು. ಕೆಲಸದ ಆಳುಗಳು ಕೈಗಳಿಗೆ ದಪ್ಪ ಬಟ್ಟೆಯನ್ನು ಸುತ್ತಿಕೊಂಡಿರಬೇಕು.

ಹೂವು.— ಹತ್ತರಿಂದ ಮೂವತ್ತು ವರ್ಷಗಳೊಳಗೆ ಒಂದು ಸಾರಿ ನಡುವಿನಿಂದ ಕಂಬದಂತಹ ದಿಂಡು 15 ಅಡಿಗೂ ಮೀರಿ ಏಳುವುದು. ಹೂಬಿಟ್ಟ ಮೇಲೆ ತಾಯಿಗಿಡವು ಒಣಗುವುದು. ಇದು ರೋಗವಲ್ಲ, ಅದರ ಧರ್ಮ. ನೀರು ಗೊಬ್ಬರಗಳಿಂದ ಅದನ್ನು ಉಳಿಸಲಾಗದು; ಸುತ್ತಲಿನ ಮರಿಗಳೇ ಅದರ ಸಂತತಿ.

ಕಡೆಯದಾಗಿ ಒಂದು ಮಾತು. ಹಿಂದೆ ಪಾಪಸುಕಳ್ಳಿಯನ್ನು ಹತೋಟಿಯಿಲ್ಲದೆ ಬಿಟ್ಟುದರಿಂದ ದಕ್ಷಿಣದೇಶದಲ್ಲಿ ಎಷ್ಟೋ ಭೂಮಿ ಅದರ ಪಾಲಾಯಿತು. 1926ರಲ್ಲಿ ತರಿಸಿದ ಒಂದು ಜಾತಿಯ ಕೀಟವು ಅದನ್ನು ತಿಂದು ಅಡಗಿಸಿತು. ಕತ್ತಾಳೆಗೂ ಹಬ್ಬುವ ಗುಣವುಂಟು. ಆದುದರಿಂದ ಪ್ರತಿವರ್ಷವೂ ಬೇಕಾದಷ್ಟು ಮರಿಗಳನ್ನು ಉಳಿಸಿ, ಮಿಕ್ಕವನ್ನು ಕಿತ್ತು ನೆರೆಯವರಿಗೆ ಹಂಚಬೇಕು. ಗ್ರಾಮದ ಮುಖಂಡರು ಮೊದಲು ತಮ್ಮ ಜಮೀನಿನ ಒಂದು ಬದುವಿನಲ್ಲಿ ಈ ಕ್ರಮವನ್ನು ಅನುಸರಿಸಿ ತೋರಿಸಿದರೆ, ವರ್ಷವರ್ಷವೂ ಮುಳ್ಳು ಕಡಿದು ಬೇಲಿ ಕಟ್ಟುವ ಶ್ರಮವು ಊರಿಗೆಲ್ಲ ಕಡಿಮೆಯಾದೀತು.