ಬಾಗಿಲಿಲ್ಲದ ಕೋಟೆ

ದೋಷವಿದ್ದೂ ಪ್ರಿಯವಾಗುವ ಕೃತಿಗಳುಂಟೆಂದು ತರಗತಿಯಲ್ಲಿ ಪಾಠ ಹೇಳುವಾಗ ನನ್ನ ನೆನಪಿಗೆ ಬರುವುದು ಯಾವ ಮಹಾಕಾವ್ಯವೂ ಅಲ್ಲ. ಒಂದು ಗಣಕಯಂತ್ರದ ಆಟ. ವಿದ್ವಾಂಸರು ನಗಬಹುದು; ನಗಲಿ.

'ಏಜ್ ಆಫ್ ಎಂಪೈರ್ಸ್' ಎಂಬ ಆ ಯುದ್ಧತಂತ್ರದ ಆಟ ಹೊರಬಂದದ್ದು 1997ರಲ್ಲಿ. ಅಮೆರಿಕೆಯ ಎನ್ಸೆಂಬಲ್ ಸ್ಟುಡಿಯೋಸ್ ಅದನ್ನು ನಿರ್ಮಿಸಿತು, ಮೈಕ್ರೋಸಾಫ್ಟ್ ಪ್ರಕಟಿಸಿತು. ಅದೇ ವರ್ಷ ದಾವಣಗೆರೆ ಜಿಲ್ಲೆಯೂ ಹುಟ್ಟಿತು. ಶಿವಮೊಗ್ಗದಿಂದ ಚನ್ನಗಿರಿ ಹೊನ್ನಾಳಿಗಳು, ಚಿತ್ರದುರ್ಗದಿಂದ ಜಗಳೂರು ಬಂದು ಅದಕ್ಕೆ ಸೇರಿದವು. ಹೀಗೆ ಒಂದಾದ ಸೀಮೆಗಳಿಂದ ನಾಲ್ವರು ಹುಡುಗರು ದಾವಣಗೆರೆಗೆ ಓದಲು ಬಂದೆವು: ಚನ್ನಗಿರಿಯವನೊಬ್ಬ, ಜಗಳೂರಿನವನೊಬ್ಬ, ಆಗ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿಯವನೊಬ್ಬ, ಹೊನ್ನಾಳಿಯ ನಾನು. 2000ದ ಸುಮಾರಿನ ಭಾನುವಾರಗಳಲ್ಲಿ ಗಂಟೆಯ ಲೆಕ್ಕಕ್ಕೆ ಹಣ ತೆತ್ತು, ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕುಳಿತು ಸಾಮ್ರಾಜ್ಯಗಳನ್ನು ಕಟ್ಟಿ ಕೆಡವುತ್ತಿದ್ದೆವು.

ಆಟದ ಬಗೆ ಹೀಗೆ. ಬೆರಳೆಣಿಕೆಯ ಆಳುಗಳಿಂದ ಆರಂಭ. ಅವರು ಮರ ಕಡಿಯಬೇಕು, ಹಣ್ಣು ಬಿಡಿಸಬೇಕು, ಕಲ್ಲನ್ನೂ ಚಿನ್ನವನ್ನೂ ಅಗೆಯಬೇಕು. ಶಿಲಾಯುಗದಿಂದ ಮೇಲೇರುತ್ತ ಕಬ್ಬಿಣದ ಯುಗವನ್ನು ಮುಟ್ಟಬೇಕು. ಈಜಿಪ್ಟ್, ಗ್ರೀಸ್, ಬ್ಯಾಬಿಲೋನ್, ಪರ್ಷಿಯ ಮೊದಲಾದ 12 ನಾಗರಿಕತೆಗಳು ಅದರಲ್ಲಿದ್ದುವು. ಭಾರತವಿರಲಿಲ್ಲ. ಆನೆ ಮಾತ್ರ ಇದ್ದಿತು! ಆನೆಯನ್ನು ಕರೆದವರು ಮಾವುತರ ದೇಶವನ್ನು ಮರೆತರಲ್ಲ ಎಂಬ ಸಣ್ಣ ಮುನಿಸು ನನಗೆ ಆಗಲೂ ಇತ್ತು, ಈಗಲೂ ಇದೆ.

ದೋಷಗಳಿಗೆ ಲೆಕ್ಕವಿಲ್ಲ. ಇಕ್ಕಟ್ಟಿನ ದಾರಿಯಲ್ಲಿ ಎದುರಾದ ಸೈನಿಕರು ಸಂತೆಯ ದಿನದ ಗಾಡಿಗಳಂತೆ ಸಿಕ್ಕಿಕೊಂಡು ನಿಲ್ಲುವರು. ಕವಣೆಯಂತ್ರದ ಕಲ್ಲು ಶತ್ರುವಿನೊಡನೆ ನಮ್ಮವನನ್ನೂ ಕೊಲ್ಲುವುದು. 50 ಜನರಾದರೆ ಸಾಮ್ರಾಜ್ಯ ಭರ್ತಿ. ನಮ್ಮ ಕಡೆಯ ಒಂದು ಮದುವೆಯ ದಿಬ್ಬಣವೂ ಅದರಲ್ಲಿ ಹಿಡಿಯದು. ಎಲ್ಲಕ್ಕಿಂತ ವಿಚಿತ್ರವಾದದ್ದು ಕೋಟೆ. ಗೋಡೆಯನ್ನು ಎಷ್ಟು ಬೇಕಾದರೂ ಕಟ್ಟಬಹುದು, ಬಾಗಿಲಿಡುವಂತಿಲ್ಲ. ಹೊರಗೆ ಹೋಗಬೇಕೆಂದರೆ ನಮ್ಮ ಗೋಡೆಯನ್ನು ನಾವೇ ಒಡೆಯಬೇಕು. ಚನ್ನಗಿರಿಯ ಗೆಳೆಯನಿಗೆ ಇದು ಸಹಿಸದು. ಕೆಳದಿಯ ಚೆನ್ನಮ್ಮಾಜಿಯ ಹೆಸರಿನೊಡನೆ ಕೂಡಿಕೊಂಡ ಊರು ಅವನದು. ಬೆಟ್ಟದ ಮೇಲೆ ಕೋಟೆಯಿದೆ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತವಳು ಆ ರಾಣಿ. "ಬಾಗ್ಲೇ ಇಲ್ದಿದ್ರೆ ಆಕಿ ಅವನನ್ನ ಎಲ್ಲಿಂದ ಒಳಗೆ ಕರ್ಕೋತಿದ್ಲು?" ಎಂದು ಅವನು ಪರದೆಯನ್ನೇ ಕೇಳುತ್ತಿದ್ದನು.

ಕಳೆದ ಬೇಸಿಗೆಯ ರಜೆಯಲ್ಲಿ, 2018ರಲ್ಲಿ ಹೊರಬಂದ ಪರಿಷ್ಕೃತ ಆವೃತ್ತಿಯನ್ನು ಮಗನ ಲ್ಯಾಪ್‌ಟಾಪಿನಲ್ಲಿ ಆಡಿ ನೋಡಿದೆ. ಚಿತ್ರಗಳು ಚೆಲುವಾಗಿವೆ, ಜನಸಂಖ್ಯೆಯ ಮಿತಿ ಸಡಿಲಾಗಿದೆ. ಸೈನಿಕರು ದಾರಿ ತಪ್ಪುವುದು ಮಾತ್ರ ಪೂರ್ತಿ ನಿಂತಿಲ್ಲ. ಹಳೆಯ ಪರಿಚಿತರನ್ನು ಕಂಡಂತೆ ಒಳಗೊಳಗೇ ಸಂತೋಷಪಟ್ಟೆ. ನಿಜ ಹೇಳಬೇಕೆಂದರೆ ಮೊದಲ ಗಂಟೆಯ ಹಿಗ್ಗು ಎರಡನೆಯ ಗಂಟೆಗೆ ಉಳಿಯಲಿಲ್ಲ. ಪಕ್ಕದಲ್ಲಿ ಬೈಯುವವರಿಲ್ಲದೆ ಗೆದ್ದ ಸಾಮ್ರಾಜ್ಯ ಸಪ್ಪೆ. ಮಗನಂತೂ ಹತ್ತು ನಿಮಿಷಕ್ಕೇ ಎದ್ದುಹೋಗಿದ್ದನು.

ಅಂದು ರಾತ್ರಿ ಜಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ನಮ್ಮಲ್ಲಿ ಅವನೊಬ್ಬನೇ ಯುದ್ಧಕ್ಕಿಂತ ಬೇಸಾಯವನ್ನು ಹೆಚ್ಚು ಆಡುತ್ತಿದ್ದವನು. ಆ ಆಟದಲ್ಲಿ 75 ಪಾಲು ಮರ ಕೊಟ್ಟರೆ ಒಂದು ಹೊಲ. ಅದು 250 ಪಾಲು ಆಹಾರ ಕೊಟ್ಟು ಮಾಯವಾಗುವುದು, ಮತ್ತೆ ಮರ ಕೊಟ್ಟು ಹೂಡಬೇಕು. ಮಳೆಯಿಲ್ಲ, ಬರವಿಲ್ಲ, ಋತುವೇ ಇಲ್ಲ. ಆಗ ನಾವೆಲ್ಲ ಈ ಹೊಲವನ್ನು ಹಾಸ್ಯ ಮಾಡುತ್ತಿದ್ದೆವು. ಪದವಿ ಮುಗಿಸಿ ಅವನು ಊರಿಗೆ ಮರಳಿ ಹೊಲವನ್ನೇ ಹಿಡಿದನು. ಮೂರು ಬೋರ್‌ವೆಲ್ ಕೊರೆಸಿದನು. ಎರಡರಲ್ಲಿ ನೀರು ಬಂದು ನಿಂತಿತು, ಒಂದರಲ್ಲಿ ಬರಲೇ ಇಲ್ಲ. ಈಗ ಮಳೆಯನ್ನು ನೆಚ್ಚಿ ಮೆಕ್ಕೆಜೋಳ ಹಾಕುತ್ತಾನೆ.

ಆ ಮಾಯವಾಗುವ ಹೊಲ ಎಂಥ ಅಸಂಬದ್ಧ ಎಂದು ನಾನು ನಕ್ಕೆ. ಅವನು ನಗಲಿಲ್ಲ.

"ಅಲ್ಲಪ್ಪಾ ಮೇಷ್ಟ್ರೇ, ಅದರಾಗೆ ಇನ್ನೆಷ್ಟು ಉಳಿದೈತೆ ಅಂತ ಕೆಳಗೆ ತೋರಿಸ್ತಿತ್ತು. ನನ್ನ ಬೋರಿಗೆ ಹಂಗೆ ಯಾರು ಬರೆದಿಡ್ತಾರೆ?"

ಉತ್ತರ ತೋಚಲಿಲ್ಲ. ಮಾತು ಬದಲಿಸಿ, ನಾಲ್ವರೂ ಮತ್ತೊಮ್ಮೆ ಕೂಡಿ ಆಡೋಣವೇ ಎಂದು ಕೇಳಿದೆ. ನ್ಯಾಮತಿಯವನು ಬೆಂಗಳೂರಿನಿಂದ ಬರಲೊಪ್ಪಿದರೆ ತಾನೂ ಬರುವುದಾಗಿ ಹೇಳಿದನು.

"ಆದ್ರೆ ಈಗಲ್ಲ. ಬಿತ್ತನೆ ಮುಗೀಲಿ."