ಮೂರು ಕಾಸಿನ ಉಡುಗೊರೆ

ತಂಗಿಯ ಮೊಮ್ಮಗನಿಗೆ ಒಂಬತ್ತು ವರ್ಷ ತುಂಬಿದ ದಿನ, ಅವರ ಮನೆಯ ನಡುಮನೆಯಲ್ಲಿ ರಾಶಿಬಿದ್ದಿದ್ದ ಬಣ್ಣಬಣ್ಣದ ಪೆಟ್ಟಿಗೆಗಳ ನಡುವೆ, ಔಷಧದ ಅಂಗಡಿಯವರು ಮಾತ್ರೆ ಹಾಕಿಕೊಡುವ ಲಕೋಟೆಯಷ್ಟೇ ಇದ್ದ ನನ್ನ ಕಾಗದದ ಪೊಟ್ಟಣವನ್ನು ಇಡುವಾಗ ನನಗೆ ಕೊಂಚ ಸಂಕೋಚವಾದುದುಂಟು. ಅದರಲ್ಲಿದ್ದುದು ಐದು ಹಳೆಯ ನಾಣ್ಯಗಳು. ಐದಕ್ಕೂ ಕೂಡಿ ನಾನು ತೆತ್ತ ಹಣ, ಬೆಂಗಳೂರಿನ ಸಾಧಾರಣ ಹೋಟೆಲೊಂದರಲ್ಲಿ ಇಬ್ಬರು ಕುಳಿತು ದೋಸೆ ತಿಂದು ಕಾಫಿ ಕುಡಿದೇಳುವುದಕ್ಕೆ ಆಗುವಷ್ಟು. "ಮಗುವಿಗೆ ಮೂರು ಕಾಸಿನ ಉಡುಗೊರೆ ತಂದೆಯೇನಣ್ಣ?" ಎಂದು ತಂಗಿ ನಕ್ಕಳು. ಅವಳು ಹಾಸ್ಯಕ್ಕೆಂದು ಆಡಿದ ಮಾತು ಅಕ್ಷರಶಃ ಸತ್ಯವಾಗಿದ್ದಿತು. ಹಳೆಯ ಮೈಸೂರಿನ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು; ಆದುದರಿಂದ ಕಾಲಾಣೆಯೆಂದರೆ ಮೂರು ಕಾಸು; ಪೊಟ್ಟಣದೊಳಗಿನ ಐದರಲ್ಲಿ ಮೂರು ನಾಣ್ಯಗಳು ಸರಿಯಾಗಿ ಆ ಬೆಲೆಯವೇ.

ಮಕ್ಕಳಿಗೆ ನಾಣ್ಯ ಕೊಡುವ ರೂಢಿ ನಮ್ಮಲ್ಲಿ ಇಲ್ಲದೆ ಇಲ್ಲ. ಲಕ್ಷ್ಮಿಯ ಮುದ್ರೆಯೊತ್ತಿದ ಬೆಳ್ಳಿಯ ಬಿಲ್ಲೆಯನ್ನು ನಾಮಕರಣಕ್ಕೂ ಹುಟ್ಟುಹಬ್ಬಕ್ಕೂ ಕೊಡುವುದುಂಟು. ಆದರೆ ಅದು ಮಗುವಿನ ಅಂಗೈಯನ್ನು ಸೋಕುವುದಕ್ಕೆ ಮೊದಲೇ ತಾಯಿಯ ಬೀರುವನ್ನು ಸೇರಿ, ಮತ್ತೆ ಬೆಳಕು ಕಾಣುವುದು ಬಹುಶಃ ಆ ಮಗುವಿನ ಮದುವೆಯ ಕಾಲಕ್ಕೆ. ಟಂಕಸಾಲೆಗಳು ಸ್ಮಾರಕವಾಗಿ ಅಚ್ಚುಹಾಕಿ, ಗಾಜಿನಂತಹ ಪ್ಲಾಸ್ಟಿಕ್ಕಿನಲ್ಲಿ ಬಂಧಿಸಿ ಮಾರುವ ಥಳಥಳಿಸುವ ನಾಣ್ಯಗಳ ಗತಿಯೂ ಇದಕ್ಕಿಂತ ಭಿನ್ನವಲ್ಲ; ಅವನ್ನು ನೋಡಬಹುದು, ಮುಟ್ಟುವಂತಿಲ್ಲ. ಮುಟ್ಟಬಾರದ ವಸ್ತುವನ್ನು ಒಂಬತ್ತು ವರ್ಷದ ಹುಡುಗನಿಗೆ ಕೊಡುವುದು ಒಂದು ಬಗೆಯ ಕ್ರೌರ್ಯವೆಂದೇ ನನ್ನ ಮತ. ಸವೆದು, ಕಂದಿ, ಸಾವಿರ ಕೈಗಳ ಬೆವರನ್ನು ಕುಡಿದು, ಸಂಗ್ರಾಹಕನು ಕಣ್ಣೆತ್ತಿಯೂ ನೋಡದ ಸವಕಲು ನಾಣ್ಯವನ್ನು ನಾನು ಹುಡುಕಿಕೊಂಡು ಹೋದದ್ದು ಈ ಕಾರಣದಿಂದ. ಅದು ಕಳೆದರೂ ಯಾರೂ ಮಗುವಿನ ಕಿವಿ ಹಿಂಡುವುದಿಲ್ಲ.

ಐದರಲ್ಲಿ ಹಿರಿಯದು ಈಸ್ಟ್ ಇಂಡಿಯಾ ಕಂಪೆನಿಯ 1835ರ ತಾಮ್ರದ ಕಾಲಾಣೆ. ಸುಮಾರು ಆರೂವರೆ ಗ್ರಾಂ ತೂಗುವ ಅದರ ಒಂದು ಮೈಯಲ್ಲಿ ಎರಡು ಸಿಂಹಗಳು ಹಿಡಿದು ನಿಂತ ಕಂಪೆನಿಯ ಲಾಂಛನ. ಇಷ್ಟು ಹಳೆಯದು ಇಷ್ಟು ಅಗ್ಗವಾಗಿ ದೊರೆಯುವುದೇಕೆಂದು ಯಾರಾದರೂ ಸಂಶಯಪಟ್ಟಾರು. ಹಳೆಯದೆಲ್ಲವೂ ದುರ್ಲಭವಲ್ಲ, ದುರ್ಲಭವಾದುದೆಲ್ಲವೂ ಹಳೆಯದಲ್ಲ. ಕಂಪೆನಿಯವರು ಇದನ್ನು ಕೋಟಿಗಟ್ಟಲೆ ಮುದ್ರಿಸಿ ದೇಶದ ಉದ್ದಗಲಕ್ಕೂ ಚೆಲ್ಲಿದ್ದರು. ಎರಡನೆಯದು, ನಮ್ಮ ಹಿರಿಯರು ತೂತಿನ ಕಾಸೆಂದು ಕರೆಯುತ್ತಿದ್ದ, ನಡುವೆ ದುಂಡಗೆ ರಂಧ್ರವುಳ್ಳ ಪೈಸೆ. ಎರಡನೆಯ ಮಹಾಯುದ್ಧವು ಲೋಹವನ್ನೆಲ್ಲ ನುಂಗುತ್ತಿದ್ದ 1943ರಲ್ಲಿ ಹುಟ್ಟಿ 1947ರವರೆಗೆ ಅಚ್ಚಾದ ಈ ನಾಣ್ಯ, ಹಿಂದಿನ ಕಾಲಾಣೆಯ ಅರ್ಧ ತೂಕವನ್ನೂ ತೂಗದು. ಯುದ್ಧವೆಂದರೇನೆಂದು ಮಗುವಿಗೆ ತಿಳಿಸುವುದು ಕಷ್ಟ. ಎಲ್ಲಿಯೋ ದೂರದಲ್ಲಿ ಸಿಡಿದ ಗುಂಡಿಗಾಗಿ ನಮ್ಮೂರಿನ ಸಂತೆಯ ಕಾಸಿನ ಹೊಟ್ಟೆಯನ್ನು ಕೊರೆದರು ಎಂದರೆ ಅದು ರಂಧ್ರದೊಳಕ್ಕೆ ಬೆರಳಿಟ್ಟು ನೋಡಿ ತಾನಾಗಿಯೇ ಯೋಚಿಸುತ್ತದೆ. ಹಳ್ಳಿಗಳಲ್ಲಿ ಇದನ್ನು ಮಕ್ಕಳ ಉಡಿದಾರಕ್ಕೆ ಪೋಣಿಸಿದ್ದನ್ನು ನಾನೇ ಕಂಡಿದ್ದೇನೆ.

ಮೂರನೆಯದು ಸ್ವತಂತ್ರ ಭಾರತದ ಮೊದಲ ನಾಣ್ಯಮಾಲೆಗೆ ಸೇರಿದ ಒಂದು ಪೈಸೆ. 1950ರಲ್ಲಿ ದೊರೆಯ ಮುಖವು ನಾಣ್ಯದಿಂದ ಇಳಿದು ಅಶೋಕನ ಸಿಂಹಶಿರ ಏರಿದಾಗ, ಪೈಸೆಯ ಬೆನ್ನಿಗೆ ಓಡುವ ಕುದುರೆಯೂ, ಅರ್ಧಾಣೆ, ಒಂದಾಣೆ, ಎರಡಾಣೆಗಳ ಬೆನ್ನಿಗೆ ಗೂಳಿಯೂ, ಪಾವಲಿಯಿಂದ ಮೇಲಿನವಕ್ಕೆ ತೆನೆಯೂ ಬಂದವು. ನಾಲ್ಕನೆಯದು ನನಗೆ ಅತ್ಯಂತ ಪ್ರಿಯವಾದ 1957ರ ಒಂದು ನಯಾ ಪೈಸೆ. ಆ ವರ್ಷದ ಏಪ್ರಿಲ್ 1ರಂದು ರೂಪಾಯಿಯು 64 ಪೈಸೆಗಳನ್ನು ತೊರೆದು 100 ಪೈಸೆಗಳಾಗಿ ಒಡೆಯಿತು. ಹಳೆಯ ಪೈಸೆಗೂ ಹೊಸದಕ್ಕೂ ಗೊಂದಲವಾಗದಿರಲೆಂದು ಕೊಟ್ಟ 'ನಯಾ' ಎಂಬ ವಿಶೇಷಣ 1964ರ ಜೂನ್‌ವರೆಗೆ ಉಳಿಯಿತು. ಮೂರೂವರೆ ನಯಾ ಪೈಸೆಗೋ ಆರೂಕಾಲಿಗೋ ಒಂದಾಣೆಯೆಂದು ಅಂಗಡಿಯ ಮುಂದೆ ನಿಂತು ಬೆರಳೆಣಿಸುತ್ತಿದ್ದ ಜನರ ತಲೆಬೇನೆಯನ್ನು ಆಗಿನ ಸರಕಾರವು ಊಹಿಸಿದ್ದಿತೋ ಏನೋ, ನಾಣ್ಯದ ಮೇಲೆಯೇ ಹಿಂದಿಯಲ್ಲಿ 'ರೂಪಾಯಿಯ ನೂರನೆಯ ಭಾಗ' ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದಿತು. ಭಿನ್ನರಾಶಿಯ ಪಾಠವನ್ನು ಹೊಟ್ಟೆಯ ಮೇಲೆ ಹೊತ್ತು ಸಂತೆ ತಿರುಗಿದ ಇಂತಹ ಗಣಿತದ ಉಪಾಧ್ಯಾಯನನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಐದನೆಯದನ್ನು ಹಳೆಯದೆಂದು ಕರೆದರೆ ಮೂವತ್ತು ದಾಟಿದವರು ಮುನಿಸಿಕೊಂಡಾರು: ಖಡ್ಗಮೃಗದ ಚಿತ್ರವಿರುವ ಉಕ್ಕಿನ ನಾಲ್ಕಾಣೆ. 25 ಪೈಸೆಯೂ ಅದಕ್ಕಿಂತ ಕಿರಿಯವೂ 2011ರ ಜೂನ್ 30ರೊಡನೆ ಚಲಾವಣೆಯಿಂದ ನಿವೃತ್ತವಾದವು. ಹುಡುಗ ಹುಟ್ಟಿದ್ದು ಆಮೇಲೆ. ಅವನ ತಾಯಿಯ ಬಾಲ್ಯ ಅವನಿಗೆ ಇತಿಹಾಸವೇ ಅಲ್ಲವೆ! ಇಂತಹ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಲು ಹೇಳಿಕೊಟ್ಟರೆ ಮಕ್ಕಳಿಗೆ ಒಂದು ಆಟವೇ ದೊರೆತಂತಾಗುತ್ತದೆ: ಅಲ್ಲಿ ವಜ್ರಾಕೃತಿಯಿದ್ದರೆ ನಾಣ್ಯ ಮುಂಬಯಿಯ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಆ ದಿನ ಬಂದ ಅತಿಥಿಗಳ ಜೇಬುಗಳೆಲ್ಲ ಸಂಜೆಯೊಳಗೆ ಪರೀಕ್ಷೆಗೆ ಒಳಗಾದವು.

ಕೊಳ್ಳುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಅನುಭವ ವ್ಯರ್ಥ. ಭಾನುವಾರಗಳಂದು ಪೇಟೆಯ ಬೀದಿಗಳಲ್ಲಿ, ಹಳೆಯ ಬೀಗ, ಕೆಟ್ಟ ಗಡಿಯಾರ, ಹಿತ್ತಾಳೆಯ ದೀಪಗಳ ನಡುವೆ ಗೋಣಿಯ ಮೇಲೆ ನಾಣ್ಯಗಳನ್ನು ಹರಡಿಕೊಂಡು ಕುಳಿತವರೊಬ್ಬರಿಂದ, ಬಹುಕಾಲದ ಹಿಂದೆ, ಒಂದು ಕಡೆ ಶ್ರೀರಾಮ ಪಟ್ಟಾಭಿಷೇಕವೂ ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818ರ ಇಸವಿಯೂ ಇದ್ದ ದಪ್ಪ ಅರ್ಧಾಣೆಯನ್ನು ನಾನು ಭಕ್ತಿಯಿಂದ ಕೊಂಡು ತಂದೆ. ದೇವರ ಕೋಣೆಯಲ್ಲಿಟ್ಟು ಪೂಜೆಯೂ ಆಯಿತು. ಕಂಪೆನಿಯು ದೇವತೆಗಳ ಚಿತ್ರವಿರುವ ಇಂತಹ ಅರ್ಧಾಣೆಯನ್ನು ಎಂದೂ ಹೊರಡಿಸಿದುದಿಲ್ಲವೆಂಬುದೂ, ಇವೆಲ್ಲ ಇತ್ತೀಚಿನವರ ಕಲ್ಪನೆಯ ಕೂಸುಗಳೆಂಬುದೂ ತಿಳಿದದ್ದು ತರುವಾಯ. ರಾಮನನ್ನು ಹೊರಗೆ ಹಾಕುವುದು ಹೇಗೆ? ಈಗಲೂ ಅಲ್ಲಿಯೇ ಇದ್ದಾನೆ. ಚಮತ್ಕಾರವನ್ನು ಹೇಳಿಕೊಳ್ಳುವ ನಾಣ್ಯವನ್ನು ಬಿಟ್ಟು, ಯಾರೂ ನಕಲುಮಾಡುವ ಶ್ರಮವಹಿಸದಷ್ಟು ಅಗ್ಗವಾದುದನ್ನು ಆರಿಸುವುದು ಕ್ಷೇಮ.

ತುಸು ಹೆಚ್ಚು ಕೊಡಬಲ್ಲವರಿಗೆ ಕನ್ನಡನಾಡಿನ ತಾಮ್ರವೇ ಇದೆ. ನಕಲು ಇಲ್ಲಿಯೂ ನುಸುಳಿರುವುದರಿಂದ ಬಲ್ಲವರ ಅಂಗಡಿಯಲ್ಲಿ ಕೊಳ್ಳಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1843ರವರೆಗೆ ಅಚ್ಚಾದ ನಾಣ್ಯಗಳಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಅಕ್ಷರಗಳನ್ನು ಮಗು ತಾನೇ ಕೂಡಿಸಿ ಓದಬಹುದು. ಟಿಪ್ಪುವಿನ ಆನೆಯ ಪೈಸೆಗಳಂತೂ ಮಕ್ಕಳಿಗಾಗಿಯೇ ಹುಟ್ಟಿದಂತಿವೆ: ಆನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನಡೆಯುತ್ತದೆ, ಕೆಲವುಗಳಲ್ಲಿ ಸೊಂಡಿಲೆತ್ತಿರುತ್ತದೆ, ಮೇಲಾಗಿ ಆ ದೊರೆ ತನ್ನ ನಾಣ್ಯಗಳಿಗೆ ಆಕಾಶದಿಂದ ಹೆಸರುಗಳನ್ನು ತಂದು, ಎರಡು ಪೈಸೆಗೆ ಗುರುವಾದ ಮುಷ್ತರಿ, ಪೈಸೆಗೆ ಶುಕ್ರವಾದ ಜೊಹ್ರಾ, ಅರ್ಧಕ್ಕೆ ಮಂಗಳನಾದ ಬಹ್ರಾಮ್, ಕಾಲಿಗೆ ತಾರೆಯಾದ ಅಖ್ತರ್, ಅದರರ್ಧಕ್ಕೆ ಧ್ರುವವಾದ ಕುತ್ಬ್ ಎಂದು ಕರೆದಿದ್ದಾನೆ. ಅಮೆರಿಕದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಮಾತ್ರ ಇವನ್ನು ಕಳುಹಿಸುವಂತಿಲ್ಲ. 100 ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಸಾಗಿಸುವುದು ಅಪರಾಧ. ಅವರಿಗೆ ಕುದುರೆಯ ಪೈಸೆಯೇ ಸಾಕು.

ಪೊಟ್ಟಣ ಬಿಚ್ಚಿದ ಹುಡುಗ ಕೇಳಿದ ಮೊದಲ ಪ್ರಶ್ನೆ, "ತಾತ, ಇದಕ್ಕೆ ಏನು ಬರುತ್ತೆ?" ಒಂದು ಕಾಲದಲ್ಲಿ ಒಂದು ಹಿಡಿ ಕಡಲೆಕಾಯಿ ಬರುತ್ತಿತ್ತೆಂದೂ ಈಗ ಏನೂ ಬಾರದೆಂದೂ ಹೇಳಿದೆ. ಅವನು ಕ್ಷಣಕಾಲ ಯೋಚಿಸಿ, ಹಾಗಾದರೆ ಇದು ದುಡ್ಡೋ ಅಲ್ಲವೋ ಎಂದ. ಅರ್ಥಶಾಸ್ತ್ರಿಗಳು ಒಪ್ಪಬಹುದಾದ ಉತ್ತರ ನನ್ನಲ್ಲಿ ಇರಲಿಲ್ಲ. ಅಷ್ಟರಲ್ಲಿ ತಂಗಿ ಒಳಗಿನಿಂದ ಹುಣಿಸೆಹಣ್ಣು ತಂದಳು. ತಾಮ್ರದ ಚೊಂಬನ್ನು ಬೆಳಗುವಂತೆ ಕಾಲಾಣೆಯನ್ನೂ ಬೆಳಗಿಬಿಡುವ ಉತ್ಸಾಹ ಅವಳದು. ನಾನು ಓಡಿಹೋಗಿ ತಡೆದೆ. ಹುಳಿಯು ತಿನ್ನುವುದು ಕೊಳೆಯನ್ನಷ್ಟೇ ಅಲ್ಲ, ನೂರಾರು ವರ್ಷಗಳಿಂದ ತಾಮ್ರವನ್ನು ಕಾಯ್ದುಬಂದ ಕಂದು ಪದರವನ್ನೂ; ಅದು ಹೋದರೆ ನಾಣ್ಯವು ಬೋಳಿಸಿದ ತಲೆಯಂತೆ ಕೆಂಪಗೆ ಹೊಳೆದು, ಬಳಿಕ ವಿಕಾರವಾಗಿ ಕಪ್ಪಾಗುತ್ತದೆ. ನೀರಿನಲ್ಲಿ ಅದ್ದಿ ಒರಸುವುದಕ್ಕಿಂತ ಹೆಚ್ಚಿನ ಉಪಚಾರ ಬೇಡ. ಮೆತ್ತನೆಯ ಪ್ಲಾಸ್ಟಿಕ್ಕಿನ ಚೀಲಗಳಿಗಿಂತ ಬರಿಯ ಕಾಗದದ ಲಕೋಟೆಯೇ ಮೇಲು, ಆ ಚೀಲಗಳಲ್ಲಿ ಕೆಲವು ತಾಮ್ರಕ್ಕೆ ಹಸಿರು ಜಿಡ್ಡನ್ನು ಅಂಟಿಸುತ್ತವೆ.

ಎರಡು ತಿಂಗಳ ಮೇಲೆ ಮತ್ತೆ ಅವರ ಮನೆಗೆ ಹೋದೆ. ದೊಡ್ಡ ಪೆಟ್ಟಿಗೆಗಳಲ್ಲಿ ಬಂದಿದ್ದ ಆಟಿಕೆಗಳಲ್ಲಿ ಎರಡರ ಚಕ್ರ ಕಳಚಿತ್ತು. ಹುಡುಗ ತನ್ನ ಜಾಮೆಟ್ರಿ ಪೆಟ್ಟಿಗೆಯನ್ನು ತಂದು ತೆರೆದ; ಅದರಲ್ಲಿ, ನಾಣ್ಯದ ಮೇಲೆ ಹಾಳೆಯಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಎಬ್ಬಿಸಿದ ಕುದುರೆಗಳ ಒಂದು ಲಾಯವೇ ಇದ್ದಿತು, ಪಕ್ಕದಲ್ಲಿ ನಾಲ್ಕು ನಾಣ್ಯಗಳು. ತೂತಿನ ಕಾಸು ಎಲ್ಲಿ ಎಂದು ಕೇಳಿದೆ. ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ಅಡಿಗೆಮನೆಯ ಕಡೆ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಆ ಮನೆಯ ಕಂದು ಬೆಕ್ಕು ಸಾವಕಾಶವಾಗಿ ನಡೆದು ಬಂದಿತು. ಅದರ ಕೊರಳಿಗೆ ಕೆಂಪು ದಾರ, ದಾರದಲ್ಲಿ ಆರನೆಯ ಜಾರ್ಜ್ ದೊರೆಯ ಕಿರೀಟ.