ಬಣ್ಣ ಮತ್ತು ಚೆಲುವು

ಚೆಲುವನ್ನು ಮೆಚ್ಚುವುದು ಮನುಷ್ಯನ ಸಹಜ ಗುಣ. ಮಳೆ ನಿಂತ ಮೇಲಿನ ಬೆಟ್ಟ, ತೆನೆ ತೂಗುವ ಗದ್ದೆ, ಎಳೆಯ ಕೂಸಿನ ನಗು ಇವುಗಳನ್ನು ಕಂಡು ಹಿಗ್ಗದವರು ವಿರಳ. ಆದರೆ ‘ಇಂತಹುದೇ ಚೆಲುವು, ಉಳಿದುದೆಲ್ಲ ಕುರೂಪ’ ಎಂದು ಸಮಾಜವು ಒಂದೇ ಅಳತೆಗೋಲನ್ನು ಹಿಡಿದಾಗ ಆ ಗುಣವೇ ಅನೇಕರ ದುಃಖಕ್ಕೆ ಕಾರಣವಾಗುತ್ತದೆ. ನಮ್ಮ ದೇಶದಲ್ಲಿ ಈ ಅಳತೆಗೋಲು ಬಹುಮಟ್ಟಿಗೆ ಮೈಬಣ್ಣವೇ ಆಗಿದೆ.

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಹೆಮ್ಮರಗಾಲ ಎಂಬ ಊರಿದೆ. ಅಲ್ಲಿಯ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಮಕ್ಕಳ ಭಾಗ್ಯವನ್ನು ಬೇಡಿ ದೂರದೂರದಿಂದ ದಂಪತಿಗಳು ಬರುತ್ತಾರೆ. ಕೊಳಲನ್ನು ಹಿಡಿದ ಆ ದೇವರು ಶ್ರೀಕೃಷ್ಣ. ಕೃಷ್ಣ ಎಂಬ ಮಾತಿನ ಅರ್ಥವೇ ಕಪ್ಪು. ಮಹಾಭಾರತದ ದ್ರೌಪದಿಗೂ ಕೃಷ್ಣೆ ಎಂಬ ಹೆಸರುಂಟು. ಕಪ್ಪು ಬಣ್ಣದ ದೇವರನ್ನು ಚೆಲುವಿನ ಮೂರ್ತಿಯೆಂದು ಹಾಡಿ ಹೊಗಳಿದ ನಾಡು ಇದು. ಆದರೂ ಕೂಸು ಹುಟ್ಟಿದೊಡನೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ, “ಬಣ್ಣ ಹೇಗಿದೆ?” ಎಂಬುದು. ಕರಿಯ ದೇವರಲ್ಲಿ ವರ ಬೇಡುವ ಸಮಾಜವೇ ಕರಿಯ ಮಗುವನ್ನು ಕಂಡು ಪೆಚ್ಚಾಗುವುದು ಎಂತಹ ವಿಪರ್ಯಾಸ! ಹೆಣ್ಣುಮಗುವಾದರಂತೂ ಮದುವೆಯ ಚಿಂತೆ ಅಂದಿನಿಂದಲೇ ಮೊದಲಾಗುತ್ತದೆ.

ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಇದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲ ಜನಾಂಗಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ದ್ರವ್ಯದ ಪ್ರಮಾಣ ಮತ್ತು ಬಗೆಗಳಲ್ಲಿ ಮಾತ್ರ ವ್ಯತ್ಯಾಸ. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ದೇಹವನ್ನು ಕಾಪಾಡುವುದು ಇದರ ಕೆಲಸ. ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ಸಾವಿರಾರು ವರ್ಷ ಬಾಳಿದವರಿಗೆ ಕಪ್ಪು ಬಣ್ಣವು ನಿಸರ್ಗವೇ ಹಿಡಿದ ಕೊಡೆ.

ಜನರ ಅಳುಕನ್ನು ವ್ಯಾಪಾರವು ಚೆನ್ನಾಗಿ ಬಳಸಿಕೊಂಡಿತು. 1975ರಲ್ಲಿ ಹಿಂದೂಸ್ತಾನ್ ಲೀವರ್ ಸಂಸ್ಥೆಯು ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವನ್ನು ಮಾರುಕಟ್ಟೆಗೆ ತಂದಿತು. ಬೆಳ್ಳಗಾದರೆ ವರನೂ ದೊರೆಯುವನು, ಉದ್ಯೋಗವೂ ದೊರೆಯುವುದು ಎಂಬ ಧಾಟಿಯಲ್ಲಿ ಇಂತಹ ಲೇಪಗಳ ಜಾಹೀರಾತುಗಳು ಮನೆಮನೆಯನ್ನು ತಲುಪಿದವು. ಮೊದಲು ಕೊರಗನ್ನು ಹುಟ್ಟಿಸಿ ಆಮೇಲೆ ಮದ್ದನ್ನು ಮಾರುವ ಜಾಣತನವಿದು. ಮೈಬಣ್ಣದ ಕಾರಣದಿಂದ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಲೇಪದ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿತು. ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗದು. ಬೆಳ್ಳಗಾಗುವ ಆಸೆಯಿಂದ ಸಿಕ್ಕಸಿಕ್ಕ ಲೇಪಗಳನ್ನು ಹಚ್ಚುವವರು ಇಂದಿಗೂ ಇದ್ದಾರೆ. ಅಂಥ ಕೆಲವು ಲೇಪಗಳಲ್ಲಿರುವ ಪಾದರಸವು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ಬಹುಕಾಲ ಹಚ್ಚಿದ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ.

1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳೂ ರೈತರೂ ಅದನ್ನು ವಿರೋಧಿಸಿದರು. ಹೆಣ್ಣಿನ ರೂಪವನ್ನು ಅಳೆದು ಅಂಕ ಕೊಡುವುದು ಸರಿಯೇ ಎಂಬ ಪ್ರಶ್ನೆ ಅಂದು ಬಲವಾಗಿ ಎದ್ದಿತು. ಈಗ ಆ ಅಳತೆ ವೇದಿಕೆಯಿಂದ ಇಳಿದು ಅಂಗೈಗೆ ಬಂದಿದೆ. ಮೊಬೈಲ್ ಫೋನೇ ಮುಖದ ಕಲೆಗಳನ್ನು ಅಳಿಸುತ್ತದೆ, ಬಣ್ಣವನ್ನು ತಿಳಿಗೊಳಿಸುತ್ತದೆ. ಹಾಗೆ ತಿದ್ದಿದ ಚಿತ್ರಕ್ಕೆ ತಮ್ಮ ಮುಖವನ್ನು ಹೋಲಿಸಿ ಎಳೆಯರು ಕುಗ್ಗುತ್ತಾರೆ. ಆ ಚಿತ್ರದಲ್ಲಿರುವವರ ಮುಖವೂ ನಿಜವಾಗಿ ಹಾಗಿಲ್ಲವೆಂಬುದನ್ನು ಅವರು ಮರೆಯುತ್ತಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆ ಬಾಯಲ್ಲಿದ್ದರೆ ಸಾಲದು. ತರಗತಿಯಲ್ಲಿ ಯಾರಾದರೂ ಸಹಪಾಠಿಯನ್ನು ಬಣ್ಣದ ಹೆಸರಿಟ್ಟು ಅಣಕಿಸಿದಾಗ ಉಳಿದವರು ನಗದಿದ್ದರೆ ಆ ಅಣಕ ಅಲ್ಲಿಗೇ ಸಾಯುತ್ತದೆ. ಸಮಾಜದ ಅಳತೆಗೋಲನ್ನು ಮುರಿಯುವ ಕೆಲಸ ಇಂತಹ ಸಣ್ಣ ಎಡೆಗಳಿಂದಲೇ ಆರಂಭವಾಗಬೇಕು.